ಹಸಿರು ಎಣ್ಣೆ

ಮಾರ್ಚ್ 3

ಅಳಿಯಂದಿರಿಗೆ,

ಮಗಳ ಕಾಗದ ನಿನ್ನೆ ಸಿಕ್ಕಿತು. ಎರಡು ಪುಟ ಹಸುಗಳ ಕೆಚ್ಚಲು ಬಾವಿನ ವಿಷಯ. ಕೀವು ಯಾವ ಬಣ್ಣದ್ದು, ಹೇಗೆ ಹಿಂಡಿ ತೆಗೆಯಬೇಕು ಎಂಬುದೆಲ್ಲ ಸವಿಸ್ತಾರವಾಗಿ ಇತ್ತು. ಬ್ರೆಡ್ಡು ತಿನ್ನುತ್ತಲೇ ಓದಿದೆ, ಏನೂ ಅನ್ನಿಸಲಿಲ್ಲ. ದನದ ಡಾಕ್ಟರಿಗೆ ಅಪ್ಪನಾದವನು ಇಷ್ಟಕ್ಕೆಲ್ಲ ಮೂಗು ಮುರಿದರೆ ನಡೆಯುವುದಿಲ್ಲ. ಕೊನೆಯಲ್ಲಿ ಒಂದು ಸಾಲು ಇತ್ತು: "ಇವರು ನನ್ನ ಕಾರಿನ ಎಂಜಿನ್ನಿಗೆ ಹೊಸ ಗಾಳಿಕೊಳವೆ ಹಾಕಿದ್ದಾರೆ, ಏರು ಚೆನ್ನಾಗಿ ಹತ್ತುತ್ತೆ." ಅಲ್ಲಿಗೆ ಬ್ರೆಡ್ಡು ಸಾಕಾಯಿತು. ತಟ್ಟೆ ಪಕ್ಕಕ್ಕೆ ಸರಿಸಿದೆ.

ಆ ಎಂಜಿನ್ನು ನಾನು ಕಟ್ಟಿದ್ದು. ಅವಳಿಗೆ ಕೆಲಸ ಸಿಕ್ಕಾಗ ಗುಜರಿಗೆ ಹೊರಟಿದ್ದ ಕಾರನ್ನು ತಡೆದು ತಂದು, ಒಂದೊಂದು ವಾಲ್ವನ್ನೂ ಅಂಗೈಯಲ್ಲಿಟ್ಟು ತಿಕ್ಕಿ ಕೂರಿಸಿದ್ದೇನೆ. ನನ್ನ ಹೊರತು ಯಾರೂ ಬಾನೆಟ್ಟು ತೆಗೆಯಕೂಡದು ಎಂದು ನಿಮ್ಮ ಮದುವೆಯ ಮಾತುಕತೆಯ ದಿನವೇ ಹೇಳಿದ್ದೆ. ನೀವು ತಲೆಯಾಡಿಸಿದ್ದಿರಿ. ಆ ತಲೆ ಸುಮ್ಮಸುಮ್ಮನೆ ಆಡುತ್ತದೆ ಎಂದು ಈಗ ತಿಳಿಯಿತು.

ನೀವು ಕನ್ನಡಕ ಮಾಡುವವರು. ಮೂಗಿನ ಮೇಲೆ ಕೂರುವ ಕೆಲಸ ನಿಮ್ಮದು. ಎಂಜಿನ್ನಿನ ಮೂಗಿಗೆ ಯಾಕೆ ಕೈ ಹಾಕಿದಿರಿ? ಬೀದಿಯಲ್ಲಿ ಗುರ್ ಎಂದು ಸದ್ದು ಮಾಡಿಕೊಂಡು ಓಡಾಡುವ ಪಡ್ಡೆಗಳ ಕಾರಿನಲ್ಲಿ ಅಂಥ ಕೊಳವೆಗಳನ್ನು ನೋಡಿದ್ದೇನೆ. ಕೆಂಪು, ನೀಲಿ, ಕನ್ನಡಿಯಂತೆ ಹೊಳೆಯುವುದು. ನೋಡಿದರೆ ಉಗುಳಬೇಕು ಅನ್ನಿಸುತ್ತದೆ.

ಏನು ಮಾಡಿದಿರಿ, ಹೇಗೆ ಮಾಡಿದಿರಿ, ಎಲ್ಲ ಬರೆದು ಕಳಿಸಿ. ಫೋನ್ ಮಾಡಬೇಡಿ. ದೋಣಿಯ ಎಂಜಿನ್ನುಗಳ ಪಕ್ಕದಲ್ಲಿ ನಿಂತು ನಿಂತು ಕಿವಿ ಕೆಟ್ಟಿದೆ. ಫೋನಿನಲ್ಲಿ ಎಲ್ಲರೂ ನನಗೆ ಜೀರುಂಡೆಗಳೇ.

ಇತಿ,
ಮಾವ
ದೋಣಿ ರಿಪೇರಿ ಶೆಡ್ಡಿನ ಮಹಡಿಯಿಂದ


ಮಾರ್ಚ್ 12

ಮಾವನವರಿಗೆ ನಮಸ್ಕಾರಗಳು.

ತಾವು ಸಿಟ್ಟು ಮಾಡಿಕೊಳ್ಳುತ್ತೀರಿ ಎಂದು ಗೊತ್ತಿತ್ತು. ತಿಂಡಿ ಬಿಡುತ್ತೀರಿ ಎಂದು ಗೊತ್ತಿರಲಿಲ್ಲ.

ತಮ್ಮ ಮಗಳು ಗುಡ್ಡದ ಆಚೆಯ ಹೈನುಹಟ್ಟಿಗಳಿಗೆ ವಾರದಲ್ಲಿ ಹಲವು ಸಲ ಹೋಗುತ್ತಾಳೆ. ಡಿಕ್ಕಿಯಲ್ಲಿ ಔಷಧಿ ಪೆಟ್ಟಿಗೆ, ಹಗ್ಗ, ಕರು ಎಳೆಯುವ ಸರಪಳಿ. ಮೂರನೇ ತಿರುವಿಗೆ ಬರುವಷ್ಟರಲ್ಲಿ ಕಾರು ಏದುಸಿರು ಬಿಡುತ್ತಿತ್ತು. ನೋಡಿದರೆ ಕಂಪನಿಯ ಗಾಳಿಪೆಟ್ಟಿಗೆಯ ಮೂತಿ ಸೀಳಿಹೋಗಿ, ಹೊರಗಿನ ಗಾಳಿಯ ಬದಲು ಎಂಜಿನ್ನಿನ ಬಿಸಿಗಾಳಿಯನ್ನೇ ಒಳಗೆ ಎಳೆಯುತ್ತಿತ್ತು. ಬಿಸಿಗಾಳಿ ತೆಳು, ತಂಪುಗಾಳಿ ದಟ್ಟ, ಇದು ನಾನು ತಮಗೆ ಹೇಳಬೇಕಾದ ವಿಷಯವಲ್ಲ. ಹೊಸ ಕೊಳವೆ ಕೆಳಗಿಳಿದು ಮುಂದಿನ ಬಂಪರಿನ ಹಿಂದೆ ಬಾಯಿ ತೆರೆಯುತ್ತದೆ, ಆ ಬಾಯಿಗೆ ಧೂಳು ತಡೆಯುವ ಕೆಂಪು ಬಟ್ಟೆಯ ಫಿಲ್ಟರು ಇದೆ. ಅಲ್ಲಿ ಬಿಸಿ ತಾಗುವುದಿಲ್ಲ. ಕೊಳವೆಯ ಬಣ್ಣ ಕಪ್ಪು. ಹೊಳೆಯುವುದಿಲ್ಲ.

ಹಾಕಿದ್ದು ನಾನೇ. ಬ್ಯಾಟರಿ ತಂತಿ ಬಿಚ್ಚಿ, ಹಳೆಯ ಪೆಟ್ಟಿಗೆ ಕಳಚಿ, ಗಾಳಿ ಅಳೆಯುವ ಸೆನ್ಸರನ್ನು ಹೊರತೆಗೆದೆ. ಅದರೊಳಗೆ ಕೂದಲಿನಷ್ಟು ತೆಳುವಾದ ತಂತಿ ಇದೆ. ಎಷ್ಟು ಗಾಳಿ ಬಂತು ಎಂದು ಅದು ಎಂಜಿನ್ನಿನ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರು ಅದಕ್ಕೆ ತಕ್ಕಷ್ಟು ಪೆಟ್ರೋಲು ಬಿಡುತ್ತದೆ. ಆ ತಂತಿಯನ್ನು ಹೊಸ ಕೊಳವೆಗೆ ಕೂರಿಸುವಾಗ ಉಸಿರು ಬಿಗಿಹಿಡಿದಿದ್ದೆ. ಬೆರಳಿನ ಗಂಟೆಲ್ಲ ತರಚಿತು. ಒಂದು ಸ್ಕ್ರೂ ಎಂಜಿನ್ನಿನ ಕೆಳಗಿನ ತಟ್ಟೆಯೊಳಗೆ ಬಿದ್ದು ಮಧ್ಯಾಹ್ನವಿಡೀ ನನ್ನನ್ನು ಆಟ ಆಡಿಸಿತು.

ಹೊಸ ಕೊಳವೆ ಅಗಲ, ಹಾಗಾಗಿ ತಂತಿಯ ಲೆಕ್ಕ ತಪ್ಪುತ್ತದೆ. ಅದಕ್ಕೆ ಟ್ಯೂನಿಂಗ್ ಮಾಡುವ ಹೆಂಗಸೊಬ್ಬರ ಬಳಿ ಹೋದೆ. ಅವರು ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿ, ಲ್ಯಾಪ್‌ಟಾಪಿನಲ್ಲಿ ಅಂಕಿಗಳನ್ನು ತಿದ್ದಿದರು. ಈಗ ಅವಳು ಮೂರನೇ ತಿರುವನ್ನು ಗೇರು ಇಳಿಸದೆ ದಾಟುತ್ತಾಳೆ.

ಆ ಕಾರಿನಲ್ಲಿ ಎಲ್ಲವೂ ತಮ್ಮದೇ. ಒಂದು ಕೊಳವೆ ನನ್ನದೂ ಇರಲಿ ಎಂದು ಆಸೆಪಟ್ಟೆ.

ತಮ್ಮ ಅಳಿಯ


ಮಾರ್ಚ್ 20

ಅಳಿಯಂದಿರಿಗೆ,

ಲ್ಯಾಪ್‌ಟಾಪು. ಎಂಜಿನ್ನಿಗೆ ಕೀಲಿಮಣೆ ಕುಟ್ಟಿ ಬುದ್ಧಿ ಹೇಳುವ ಕಾಲ ಬಂತು ಅನ್ನಿ. ನಾವು ಟ್ಯೂನ್ ಮಾಡುತ್ತಿದ್ದುದು ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅದರ ಇನ್ನೊಂದು ತುದಿ ಎಂಜಿನ್ನಿಗೆ ಒತ್ತಿ. ಕಿವಿ ಹೋದರೂ ನನ್ನ ಹಲ್ಲು ಕೇಳುತ್ತದೆ. ಎಂಜಿನ್ನು ಕೆಮ್ಮಿದರೆ ನನ್ನ ದವಡೆಗೆ ತಿಳಿಯುತ್ತದೆ.

ಇಲ್ಲಿ ನನ್ನ ಶೆಡ್ಡೂ ಕೆಟ್ಟಿದೆ. ಹೊಸ ಮೇಸ್ತ್ರಿ ಬಂದಿದ್ದಾನೆ, ಸೆಂಟು ಹಾಕಿಕೊಂಡು ಬರುತ್ತಾನೆ. ಡೀಸೆಲ್ಲಿನ ವಾಸನೆಗೆ ಆ ಸೆಂಟು ಸೇರಿದರೆ ಸತ್ತ ಮೀನಿಗೆ ಸೋಪು ಹಚ್ಚಿದ ಹಾಗಿರುತ್ತದೆ. ಬಾತ್‌ರೂಮಿನ ಬೇಸಿನ್ನಿನಲ್ಲಿ ಯಾರೋ ಗ್ರೀಸು ತೊಳೆದು ಹಾಗೇ ಬಿಟ್ಟಿದ್ದಾರೆ, ಅದರಲ್ಲೇ ಮುಖ ತೊಳೆಯಬೇಕು. ಎಲ್ಲ ಅಸಹ್ಯ.

ಏಪ್ರಿಲ್ಲಿನಲ್ಲಿ ರಜೆ ಹಾಕಿ ಬರುತ್ತೇನೆ. ಬಂದು ಕಣ್ಣಾರೆ ನೋಡಿ ಮಾತಾಡುತ್ತೇನೆ.

ಮಾವ


ಏಪ್ರಿಲ್ 21

ಅಳಿಯಂದಿರಿಗೆ,

ಕ್ಷೇಮವಾಗಿ ತಲುಪಿದೆ. ಬಸ್ಸಿನಲ್ಲಿ ಪಕ್ಕದವನು ದಾರಿಯುದ್ದಕ್ಕೂ ಕಾಲುಗುರು ಕೀಳುತ್ತಿದ್ದ. ಅದು ಬಿಟ್ಟರೆ ತೊಂದರೆ ಇಲ್ಲ.

ನೀವು ನನ್ನನ್ನು ಕರೆದುಕೊಂಡು ಹೋದ ಆ ಟ್ಯೂನಿಂಗ್ ಅಂಗಡಿಯನ್ನು ನೆನೆಸಿಕೊಂಡರೆ ಇನ್ನೂ ಮೈ ಉರಿಯುತ್ತದೆ. ನೆಲ ನೋಡಿದರೆ ಅಲ್ಲೇ ಊಟ ಬಡಿಸಬಹುದು. ಆ ಹೆಂಗಸು ಕೈಗೆ ನೀಲಿ ಗ್ಲೌಸು ಹಾಕಿಕೊಂಡು ಆಪರೇಷನ್ನಿಗೆ ನಿಂತವಳ ಹಾಗೆ ನಿಂತಿದ್ದಳು. ಎಣ್ಣೆ ತಾಗದ ಮೆಕ್ಯಾನಿಕ್ಕನ್ನು ಇದೇ ಮೊದಲು ನೋಡಿದ್ದು. ಪರದೆಯ ಮೇಲಿನ ಗೆರೆ ತೋರಿಸಿ, "ನೋಡಿ, ಇಲ್ಲಿಂದ ಇಲ್ಲಿಗೆ ಏರಿದೆ" ಅಂದಳು. ಗೆರೆ ಯಾರು ಬೇಕಾದರೂ ಏರಿಸಬಹುದು.

ಏರಿನಲ್ಲಿ ಕಾರು ಎಳೆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಆ ಸದ್ದು. ಹಲ್ಲಿಲ್ಲದವನು ಬಿಸಿ ಚಹಾ ಸೊರ್ ಎಂದು ಎಳೆದ ಹಾಗೆ. ನನ್ನಂಥ ಕಿವುಡನಿಗೂ ಕೇಳಿಸುವಷ್ಟು ಹೊಲಸು ಸದ್ದು. ನನ್ನ ಎಂಜಿನ್ನು ಮರ್ಯಾದಸ್ಥ ಎಂಜಿನ್ನಾಗಿತ್ತು, ಉಸಿರಾಡುವುದನ್ನು ಊರಿಗೆಲ್ಲ ಸಾರುತ್ತಿರಲಿಲ್ಲ.

ನೀವು ಅಂಗಡಿಗೆ, ಅವಳು ಕಾರು ಬಿಟ್ಟು ದನದ ಆಸ್ಪತ್ರೆಗೆ ಹೋಗಿದ್ದಾಗ ನಾನು ಸುಮ್ಮನೆ ಕೂರಲಿಲ್ಲ. ಮುದಿ ಬೆನ್ನನ್ನು ನೆಲಕ್ಕೆ ಹಾಕಿ ಬಂಪರಿನ ಕೆಳಗೆ ತೆವಳಿದೆ. ನಿಮ್ಮ ಆ ಕೆಂಪು ಬಟ್ಟೆಯ ಫಿಲ್ಟರು ಮುಟ್ಟಿದರೆ ಬೆರಳಿಗೆ ಏನೂ ಅಂಟುವುದಿಲ್ಲ, ಒಣ ರೊಟ್ಟಿಯಂತಿದೆ. ಅಂಥ ಫಿಲ್ಟರಿನಲ್ಲಿ ಧೂಳು ನಿಲ್ಲುತ್ತದೆಯೇ? ಹಟ್ಟಿಯ ದಾರಿಯ ಧೂಳೆಲ್ಲ ಎಂಜಿನ್ನಿನ ಹೊಟ್ಟೆಗೆ. ನೀವು ಮಾಡದೆ ಬಿಟ್ಟದ್ದನ್ನು ಮಾಡಿ ಬಂದಿದ್ದೇನೆ. ಹೇಳಿದರೂ ನಿಮಗೆ ತಿಳಿಯುವುದಿಲ್ಲ, ಹಾಗಾಗಿ ಹೇಳುವುದಿಲ್ಲ. ಮನೆಯ ಬಾಗಿಲುಗಳು ಕಿರುಗುಟ್ಟುತ್ತಿದ್ದವು, ಅದನ್ನೂ ನೋಡಿದ್ದೇನೆ.

ಮಾವ


ಏಪ್ರಿಲ್ 29

ಮಾವನವರಿಗೆ ನಮಸ್ಕಾರಗಳು.

ಬಾಗಿಲುಗಳು ಈಗ ಕಳ್ಳನ ಹಾಗೆ ತೆರೆದುಕೊಳ್ಳುತ್ತಿವೆ. ತಮ್ಮ ಹಸಿರು ಎಣ್ಣೆಯ ಮಹಿಮೆ. ಎಂಜಿನ್ ಆಯಿಲಿಗೆ ಹಸಿರು ಗ್ರೀಸು ಕಲಸಿ ಅಂಥದ್ದೊಂದು ತಯಾರಿಸುವವರು ಲೋಕದಲ್ಲಿ ತಾವೊಬ್ಬರೇ ಇರಬೇಕು. ಟವೆಲ್ಲಿಗೆ, ದಿಂಬಿಗೆ, ನನ್ನ ಬಿಳಿ ಅಂಗಿಗೆ ಹತ್ತಿದ ಕಲೆ ಎಷ್ಟು ತೊಳೆದರೂ ಹೋಗುತ್ತಿಲ್ಲ. ಕಳೆದ ಸಲ ತಾವು ನನ್ನ ಕನ್ನಡಕದ ಕೀಲಿಗೂ ಹಚ್ಚಿದ್ದಿರಿ. ಕೆನ್ನೆಯ ಮೇಲೆ ಹಸಿರು ಗೆರೆ ಇಟ್ಟುಕೊಂಡು ಗಿರಾಕಿಗಳ ಕಣ್ಣು ಪರೀಕ್ಷೆ ಮಾಡಿದ್ದೆ. ಒಬ್ಬ ಅಜ್ಜಿ, "ಮೊದಲು ನಿನ್ನ ಕಣ್ಣು ತೋರಿಸ್ಕೋ ಮಗಾ" ಅಂದು ಎದ್ದುಹೋದರು.

ಕಾರು ಎರಡು ದಿನದಿಂದ ನಿಂತಲ್ಲಿ ಸ್ವಲ್ಪ ನಡುಗುತ್ತಿದೆ ಎಂದು ಅವಳು ಹೇಳುತ್ತಾಳೆ. ಭಾನುವಾರ ನೋಡುತ್ತೇನೆ.

ತಮ್ಮ ಅಳಿಯ


ಮೇ 14

ಅಪ್ಪನಿಗೆ,

ಕಾರು ಕೈ ಕೊಟ್ಟಿತು. ಬೇರೆಯವರಿಂದ ತಿಳಿಯುವ ಮೊದಲು ನಾನೇ ಬರೆಯುತ್ತಿದ್ದೇನೆ.

ಸೋಮವಾರ ಬೆಳಗ್ಗೆ ಗುಡ್ಡದ ಆಚೆಯಿಂದ ಕರೆ ಬಂತು. ಕರು ಅಡ್ಡ ಸಿಕ್ಕಿಕೊಂಡಿತ್ತು. ಆ ಹಟ್ಟಿಯ ಹೆಂಗಸು ನಿನಗೂ ಗೊತ್ತು, ಏಪ್ರಿಲ್ಲಿನಲ್ಲಿ ನಾವು ಹೋದಾಗ ನಿನಗೆ ಮಜ್ಜಿಗೆ ಕೊಟ್ಟವಳು. ಅವಳ ಹತ್ತಿರ ಇರುವುದು ಅದೊಂದೇ ಒಳ್ಳೆಯ ಹಸು. ಎರಡನೇ ತಿರುವಿನಲ್ಲಿ ಎಂಜಿನ್ನು ಕೆಮ್ಮಿತು. ಮೂರನೆಯದರಲ್ಲಿ ಒಳಗೆ ಯಾರೋ ಕಲ್ಲು ಕುಟ್ಟಿದಂಥ ಸದ್ದು ಬಂದು ಎಂಜಿನ್ನಿನ ಎಚ್ಚರಿಕೆಯ ದೀಪ ಹತ್ತಿಕೊಂಡಿತು. ಎಷ್ಟು ತುಳಿದರೂ ಕಾರು ನಡೆಯುವವರಿಗಿಂತ ನಿಧಾನ. ಕೊನೆಗೆ ನಿಂತೇಹೋಯಿತು. ಸರಪಳಿ, ಔಷಧಿ ಹೆಗಲಿಗೆ ಹಾಕಿಕೊಂಡು ಓಡಿದೆ.

ನಾನು ತಲುಪಿದಾಗ ಕರು ಒಳಗೇ ಸತ್ತಿತ್ತು. ಹೆಗಲವರೆಗೆ ಕೈ ಹಾಕಿ ತುಂಡುತುಂಡಾಗಿ ತೆಗೆದೆ. ವಾಸನೆ ಈಗಲೂ ನನ್ನ ಉಗುರಿನಲ್ಲಿದೆ, ಎಷ್ಟು ಸೋಪು ಹಾಕಿದರೂ ಅಷ್ಟೇ. ಹಸುವೂ ಸಂಜೆಗೆ ಹೋಯಿತು. ಆ ಹೆಂಗಸು ನನ್ನನ್ನು ಬೈಯಲಿಲ್ಲ. "ಕಾರು ಕೆಟ್ಟೋಯ್ತು ಅಂತ ಎಲ್ಲಾ ಡಾಕ್ಟ್ರೂ ಹೇಳ್ತಾರಮ್ಮ" ಅಂದಳು ಅಷ್ಟೇ. ಅದಾದ ಮೇಲೆ ನನ್ನ ಕಡೆ ನೋಡಲಿಲ್ಲ.

ಇವರು ಕಾರನ್ನು ಮನೆಗೆ ಎಳೆಸಿ ತಂದು, ಅದರ ಕೆಳಗೆ ಮಲಗಿ ಎದ್ದು, "ತಪ್ಪು ನನ್ನದು" ಅಂದರು. ಈಗ ಮನೆಯಲ್ಲಿ ಮಾತು ಕಮ್ಮಿ.

ನಿನಗೇನಾದರೂ ಹೇಳಬೇಕು ಅನ್ನಿಸಿದರೆ ಬರೆ.

ಮಗಳು


ಮೇ 19

ಅಳಿಯನಿಗೆ,

ಇನ್ನು ನಿನಗೆ ಬಹುವಚನ ದಂಡ.

ಮಗಳ ಕಾಗದ ಓದಿ ಎರಡು ದಿನ ನನ್ನ ಬಾಯಲ್ಲಿ ಕಹಿ. ನಿನ್ನ ಶೋಕಿಗೆ ಒಂದು ಹಸು, ಒಂದು ಕರು, ನನ್ನ ಮಗಳ ಹೆಸರು, ಮೂರೂ ಹೋದವು. ನಾನು ಮೊದಲೇ ಉಗಿದು ಹೇಳಿದ್ದೆ. ನೀನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ. ಒಳಗೆ ಕಲ್ಲು ಕುಟ್ಟಿದ ಸದ್ದು ಬಂತಂತೆ. ಅದು ಏನು ಗೊತ್ತೇನು? ಪೆಟ್ರೋಲು ಸಾಲದೆ ಎಂಜಿನ್ನು ತನ್ನನ್ನು ತಾನೇ ಸುಟ್ಟುಕೊಳ್ಳುವ ಸದ್ದು. ನಿನ್ನ ಗ್ಲೌಸಿನ ಹೆಂಗಸು ತಿದ್ದಿದ ಅಂಕಿಗಳ ಫಲ. ನಾನು ಕೈಯಾರೆ ತಿಕ್ಕಿದ ವಾಲ್ವುಗಳು ಈಗ ಏನಾಗಿವೆಯೋ ನೆನೆಸಿಕೊಳ್ಳಲೂ ಹೇಸಿಗೆ.

ಆ ಕೊಳವೆಯನ್ನು ಕಿತ್ತುಹಾಕು. ಕೊಳವೆ, ಫಿಲ್ಟರು, ಎಲ್ಲವನ್ನೂ ಪೆಟ್ಟಿಗೆಯಲ್ಲಿ ಹಾಕಿ ನನಗೆ ಕಳಿಸು, ನನ್ನ ಕಣ್ಣೆದುರೇ ಸುತ್ತಿಗೆಯಿಂದ ಚಪ್ಪಟೆ ಮಾಡಬೇಕು. ಹಳೆಯ ಪೆಟ್ಟಿಗೆಯನ್ನೇ ಮತ್ತೆ ಹಾಕು. ಇಲ್ಲದಿದ್ದರೆ ನಾನೇ ಬಂದು ಕಾರು ತೆಗೆದುಕೊಂಡು ಹೋಗುತ್ತೇನೆ. ಅವಳು ಹಟ್ಟಿಗಳಿಗೆ ಹೇಗೆ ಹೋಗುತ್ತಾಳೆ ಎಂಬುದನ್ನು ಆಮೇಲೆ ನೀನೇ ಯೋಚಿಸು, ಹೆಗಲ ಮೇಲೆ ಹೊತ್ತುಕೊಂಡು ಹೋಗು.

ಮಾತು ಕಮ್ಮಿಯಂತೆ. ನನ್ನ ಮಗಳಿಗೆ ಬುದ್ಧಿ ಇದೆ.

ಮಾವ


ಮೇ 27

ಮಾವನವರಿಗೆ,

ತಾವು ಹೇಳಿದಂತೆ ಮಾಡಿದ್ದೇನೆ. ಹಳೆಯ ಪೆಟ್ಟಿಗೆಯ ಸೀಳಿಗೆ ಟೇಪು ಸುತ್ತಿ ಕೂರಿಸಿದೆ, ಟ್ಯೂನರ್ ಹಳೆಯ ಅಂಕಿಗಳನ್ನು ವಾಪಸು ಹಾಕಿಕೊಟ್ಟರು. ಒಳಗೆ ಕ್ಯಾಮೆರಾ ಇಳಿಸಿ ನೋಡಿದರು, ತಮ್ಮ ವಾಲ್ವುಗಳಿಗೆ ಏನೂ ಆಗಿಲ್ಲ. ಏರಿನಲ್ಲಿ ಕಾರು ಮೊದಲಿನ ಹಾಗೆ ಏದುತ್ತದೆ, ಆದರೆ ಹೋಗುತ್ತದೆ.

ಕೊಳವೆ, ಫಿಲ್ಟರು ಬಸ್ಸಿಗೆ ಹಾಕಿದ್ದೇನೆ. ಫಿಲ್ಟರನ್ನು ತೊಳೆಯಲಿಲ್ಲ. ಬಿಚ್ಚಿದಾಗ ಹೇಗಿತ್ತೋ ಹಾಗೇ ಇದೆ. ಚಪ್ಪಟೆ ಮಾಡುವ ಮೊದಲು ಒಂದು ಸಲ ನೋಡಿ.

ತಮ್ಮ ಅಳಿಯ


ಜೂನ್ 2

ಅಳಿಯನಿಗೆ,

ಪೆಟ್ಟಿಗೆ ಬಂತು. ಶೆಡ್ಡಿನ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿ ಬಿಚ್ಚಿದೆ. ಸುತ್ತಿಗೆ ಪಕ್ಕದಲ್ಲೇ ಇತ್ತು. ಸೆಂಟಿನ ಮೇಸ್ತ್ರಿಯೂ ತಮಾಷೆ ನೋಡಲು ಬಂದು ನಿಂತಿದ್ದ.

ಫಿಲ್ಟರು ಕೆಂಪಗಿರಲಿಲ್ಲ. ಮಡಿಕೆಮಡಿಕೆಯಲ್ಲೂ ಹಸಿರು ಕೂತು, ಅದಕ್ಕೆ ಧೂಳು ಮೆತ್ತಿ, ಕೊಳೆತ ಪಾಚಿಯ ಹಾಗಾಗಿತ್ತು. ಕೆಳಗಿನ ಪೇಪರಿಗೆ ತೊಟ್ಟಿಕ್ಕಿತು. ಮೇಸ್ತ್ರಿ ಬಗ್ಗಿ ನೋಡಿ, "ಅಣ್ಣ, ಇದು ನಿನ್ನ ಎಣ್ಣೆ ಅಲ್ವಾ?" ಅಂದ. ನಾನು, "ಹಾಗೆ ಕಾಣುತ್ತೆ" ಅಂದೆ. ಅವನನ್ನು ಕೆಲಸಕ್ಕೆ ಅಟ್ಟಿದೆ.

ಎಣ್ಣೆ ಹಾಕಿದ್ದು ಒಳ್ಳೆಯದಕ್ಕೆ. ದೋಣಿಯ ಎಂಜಿನ್ನಿನ ಗಾಳಿಪಾತ್ರೆಯಲ್ಲಿ ಎಣ್ಣೆ ತುಂಬಿಯೇ ಇರುತ್ತದೆ, ಗಾಳಿ ಅದರಲ್ಲಿ ಮುಳುಗೆದ್ದು ಒಳಗೆ ಹೋಗುತ್ತದೆ. ಅದರಿಂದ ಯಾವ ದೋಣಿಯೂ ನಿಂತದ್ದು ನಾನು ನೋಡಿಲ್ಲ. ಆದ್ದರಿಂದ ಕೇಳುತ್ತೇನೆ: ನಾನು ಹೋದ ಮೇಲೆ ಬೇರೆ ಯಾರಾದರೂ ಅಲ್ಲಿಗೆ ಕೈ ಹಾಕಿದ್ದರೇ? ಆ ಹೆಂಗಸು ಏನಾದರೂ ಮಾಡಿದಳೇ? ಸರಿಯಾಗಿ ನೆನಪು ಮಾಡಿಕೊಂಡು ಬರೆ.

ಇನ್ನೊಂದು. ನನ್ನ ಮಗಳು ಈ ಫಿಲ್ಟರು ನೋಡಿದ್ದಾಳೆಯೇ?

ಮಾವ


ಜೂನ್ 10

ಮಾವನವರಿಗೆ,

ಬೇರೆ ಯಾರೂ ಕೈ ಹಾಕಿಲ್ಲ.

ಟ್ಯೂನರ್ ಹೇಳಿದ್ದನ್ನು ಬರೆಯುತ್ತೇನೆ. ದೋಣಿಯ ಎಂಜಿನ್ನಿನಲ್ಲಿ ಆ ತೆಳು ತಂತಿ ಇರುವುದಿಲ್ಲ, ಹಾಗಾಗಿ ಅಲ್ಲಿ ನಡೆಯುತ್ತದೆ. ಇಲ್ಲಿ ಫಿಲ್ಟರಿನಲ್ಲಿ ಎಣ್ಣೆ ಹೆಚ್ಚಾದರೆ ಗಾಳಿಯ ಜೊತೆ ಹೊರಟು ತಂತಿಗೆ ಅಂಟುತ್ತದೆ. ಎಣ್ಣೆ ಹೊದ್ದ ತಂತಿ ಬಂದ ಗಾಳಿಯನ್ನು ಕಮ್ಮಿ ಎಂದು ಹೇಳುತ್ತದೆ, ಕಂಪ್ಯೂಟರು ಪೆಟ್ರೋಲು ಕಮ್ಮಿ ಬಿಡುತ್ತದೆ. ಸಮದಾರಿಯಲ್ಲಿ ಹೇಗೋ ಸಾಗುತ್ತದೆ. ಏರಿನಲ್ಲಿ ಎಂಜಿನ್ನು ಹಸಿವಿನಿಂದ ಕುಸಿಯುತ್ತದೆ. ನಡುಗುತ್ತಿದೆ ಎಂದು ಅವಳು ಹೇಳಿದಾಗಲೇ ನಾನು ಕೆಳಗೆ ಮಲಗಿ ನೋಡಬೇಕಿತ್ತು. ಆ ಭಾನುವಾರ ಅಂಗಡಿಯಲ್ಲಿ ಗಿರಾಕಿಗಳಿದ್ದರು, ಮುಂದಕ್ಕೆ ಹಾಕಿದೆ. ಹಾಗಾಗಿ ತಪ್ಪು ನನ್ನದು ಎಂದದ್ದು ಪೂರ್ತಿ ಸುಳ್ಳಲ್ಲ.

ತಂತಿಯನ್ನು ಆಗಲೇ ತೊಳೆಸಿದ್ದೇನೆ, ಫಿಲ್ಟರೂ ಹಾಳಾಗಿಲ್ಲ. ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಅದರದ್ದೇ ಎಣ್ಣೆಯನ್ನು ಮಡಿಕೆಗೊಂದು ಗೆರೆಯಷ್ಟು ಹಾಕಿದರೆ ಸಾಕು. ಬೆರಳಿಗೆ ಅಂಟಬಾರದು.

ಅವಳಿಗೆ ತೋರಿಸಿಲ್ಲ, ಹೇಳಿಲ್ಲ, ಹೇಳುವುದೂ ಇಲ್ಲ. ಅಪ್ಪನ ಕೈಯಲ್ಲಿ ಯಾವುದೂ ಕೆಡುವುದಿಲ್ಲ ಎಂದು ನಂಬಿಕೊಂಡು ಬೆಳೆದವಳು. ನನ್ನ ಬಗ್ಗೆ ಅಂಥ ನಂಬಿಕೆ ಯಾವತ್ತೂ ಇರಲಿಲ್ಲ, ನನಗೇನೂ ನಷ್ಟವಿಲ್ಲ.

ತಮ್ಮ ಅಳಿಯ


ಜೂನ್ 17

ಮಗಳೇ,

ಈ ಕಾಗದವನ್ನು ನಾಲ್ಕಾರು ಸಲ ಬರೆದು ಹರಿದಿದ್ದೇನೆ. ನೆಲದ ಮೇಲೆ ಬಿದ್ದ ಚೂರುಗಳನ್ನು ನೋಡಿದರೆ ನನಗೇ ಹೇಸಿಗೆ.

ಏಪ್ರಿಲ್ಲಿನಲ್ಲಿ ಫಿಲ್ಟರಿಗೆ ಎಣ್ಣೆ ಹಾಕಿದ್ದು ನಾನು. ಯಾರನ್ನೂ ಕೇಳಲಿಲ್ಲ. ಡಬ್ಬಿಯಲ್ಲಿದ್ದಷ್ಟೂ ಸುರಿದೆ. ಆ ಎಣ್ಣೆಯೇ ಒಳಗೆ ಹೋಗಿ ಕಾರು ನಿಂತಿತು. ನಿನ್ನ ಗಂಡ ಹಾಕಿದ ಕೊಳವೆಯಲ್ಲಿ ತಪ್ಪಿರಲಿಲ್ಲ, ಆ ಹೆಂಗಸಿನ ಅಂಕಿಗಳಲ್ಲೂ ಇರಲಿಲ್ಲ. ಅವನಿಗೆ ಇದು ಗೊತ್ತು. ನಿನ್ನ ಎದುರು ತಾನೇ ಹೊತ್ತುಕೊಂಡ. ನಾನು ಅವನಿಗೆ ಬಾಯಿಗೆ ಬಂದಂತೆ ಬರೆದೆ, ಅದನ್ನೂ ನುಂಗಿಕೊಂಡ. ಫಿಲ್ಟರು ನೋಡಿದ ಮೇಲೂ ನಾನು ಇನ್ನೊಬ್ಬರ ತಲೆಗೆ ಕಟ್ಟಲು ದಾರಿ ಹುಡುಕಿದೆ. ಎಣ್ಣೆ ಹಾಕಿದ್ದಕ್ಕಿಂತ ಈ ಕೆಲಸವೇ ಹೆಚ್ಚು ಹೊಲಸು.

ಗಾಳಿ ಅಳೆಯುವ ತಂತಿಗೆ ಎಣ್ಣೆ ಅಂಟಿದ್ದಕ್ಕೇ ಕಾರು ನಿಂತಿತು ಎಂದರೆ ಮೊದಲು ನನಗೆ ನಂಬಿಕೆ ಬರಲಿಲ್ಲ. ಅವನು ಮಾಡಿಕೊಟ್ಟ ಕನ್ನಡಕದ ಗಾಜಿಗೆ ನನ್ನ ಎಣ್ಣೆ ಒಂದು ಹನಿ ಹಚ್ಚಿ, ಹಾಕಿಕೊಂಡು ನೋಡಿದೆ. ಎದುರಿಗಿದ್ದ ದೋಣಿ ಕಾಣಲಿಲ್ಲ. ಆ ಪಾಪದ ತಂತಿಗೆ ಗಾಳಿ ಹೇಗೆ ತಿಳಿಯಬೇಕು?

ಇಷ್ಟು ವರ್ಷ ಎಲ್ಲರ ಕೆಲಸಕ್ಕೂ ಮೂಗು ಮುರಿದೆ. ಸೆಂಟಿನ ಮೇಸ್ತ್ರಿ, ಗ್ಲೌಸಿನ ಹೆಂಗಸು, ನಿನ್ನ ಗಂಡ, ಬಸ್ಸಿನಲ್ಲಿ ಪಕ್ಕ ಕೂತವನು. ಈಗ ಕೈ ತೊಳೆಯಲು ಬೇಸಿನ್ನಿಗೆ ಹೋದರೆ ಕನ್ನಡಿಯಲ್ಲಿ ಇನ್ನೊಬ್ಬ ಸಿಕ್ಕಿದ್ದಾನೆ.

ಫಿಲ್ಟರನ್ನು ತೊಳೆದು ಒಣಗಿಸಿದ್ದೇನೆ. ಸುತ್ತಿಗೆ ಮುಟ್ಟಲಿಲ್ಲ. ಕಾರು ನಿನ್ನದು, ನಾನು ತೆಗೆದುಕೊಂಡು ಹೋಗುವುದಿಲ್ಲ. ಅವನ ಜೊತೆ ಮಾತಾಡು.

ಅಪ್ಪ


ಜೂನ್ 24

ಅಪ್ಪನಿಗೆ,

ನೀನು ಬರೆದದ್ದು ನನಗೆ ಮೊದಲ ದಿನವೇ ಗೊತ್ತಿತ್ತು.

ಮೂರನೇ ತಿರುವಿನಲ್ಲಿ ಕಾರು ನಿಂತಾಗ ಇಳಿದು ಬಂಪರಿನ ಕೆಳಗೆ ಕೈ ಹಾಕಿದೆ. ಕಣ್ಣಿಗೆ ಕಾಣದ ಕಡೆ ಕೈ ಹಾಕಿ ತಡಕುವುದೇ ತಾನೇ ನನ್ನ ಕೆಲಸ. ಹೊರಗೆ ತೆಗೆದರೆ ಬೆರಳೆಲ್ಲ ಹಸಿರು. ನನ್ನ ಮೊದಲ ಸೈಕಲ್ಲಿನ ಚೈನಿಗೆ, ಅಮ್ಮನ ಹೊಲಿಗೆ ಯಂತ್ರಕ್ಕೆ, ಶಾಲೆಯ ಚೀಲದ ಜಿಪ್ಪಿಗೆ, ಎಲ್ಲದಕ್ಕೂ ನೀನು ಹಚ್ಚಿದ ಬಣ್ಣ. ಒರೆಸಿಕೊಳ್ಳಲು ಹೊತ್ತಿರಲಿಲ್ಲ, ಹಾಗೇ ಓಡಿದೆ. ಹಟ್ಟಿಯಲ್ಲಿ ತೋಳು ತೊಳೆಯಲು ನಿಂತರೆ ಅದು ಹೋಗಲೊಲ್ಲದು. ಆ ಕೈಯನ್ನು ಹಸುವಿನ ಒಳಗೆ ಹಾಕುವ ಹಾಗಿರಲಿಲ್ಲ. ಆ ಹೆಂಗಸು ನೀರು ಹೊಯ್ಯುತ್ತಲೇ ಇದ್ದಳು, ನಾನು ತಿಕ್ಕುತ್ತಲೇ ಇದ್ದೆ, ಹಸು ಕೂಗುತ್ತಲೇ ಇತ್ತು. "ಅದೇನಮ್ಮ ಹಸಿರು?" ಅಂದಳು. "ಎಣ್ಣೆ" ಅಂದೆ. ಯಾರದ್ದು ಅಂತ ಹೇಳಲಿಲ್ಲ.

ಮನೆಗೆ ಬಂದರೆ ಇವರು ನನ್ನ ಕಣ್ಣಲ್ಲಿ ಕಣ್ಣಿಟ್ಟು, ತಪ್ಪು ನನ್ನದು ಅಂದರು. ಅದಕ್ಕೇ ಮಾತು ಬಿಟ್ಟದ್ದು, ಕೊಳವೆ ಹಾಕಿದ್ದಕ್ಕಲ್ಲ. ನಿನಗೆ ಬರೆದು ಕಾದೆ. ನೀನು ಇವರಿಗೆ ಉಗಿದು ಬರೆದ ಕಾಗದ ಬಂತು, ಇವರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು, ಬಾಯಿ ಬಿಡಲಿಲ್ಲ. ಸತ್ತ ಕರುವನ್ನು ಕೈಯಾರೆ ತೆಗೆದವಳು ನಾನು. ನನಗೆ ಅವತ್ತು ಅಷ್ಟು ಅಸಹ್ಯ ಆಗಿರಲಿಲ್ಲ, ನಿಮ್ಮಿಬ್ಬರನ್ನು ನೋಡಿ ಆಯಿತು. ನನಗೆ ಗೊತ್ತಾಗದಿರಲಿ ಅಂತ ಒಬ್ಬರು, ಗೊತ್ತಾದರೆ ಇವಳು ತಡೆಯಲಾರಳು ಅಂತ ಇನ್ನೊಬ್ಬರು. ನಾನೇನು ನಿಮ್ಮ ಗಾಜಿನ ಗೊಂಬೆಯೇ?

ನಿನ್ನ ಕಾಗದ ಇವರಿಗೆ ಓದಿ ಹೇಳಿದೆ. ಮಾತು ಶುರುವಾಗಿದೆ, ಬಹುಪಾಲು ಬೈಗುಳ.

ಶನಿವಾರ ಬಾ. ಕೊಳವೆ, ಫಿಲ್ಟರು ಎರಡನ್ನೂ ತಾ, ಎಣ್ಣೆ ಡಬ್ಬಿ ತರಬೇಡ. ಈ ಸಲ ನಾನೇ ಹಾಕುತ್ತೇನೆ. ಇವರು ಸ್ಕ್ರೂ ಹಿಡಿದುಕೊಂಡಿರಲಿ, ನೀನು ಕೈ ಕಟ್ಟಿಕೊಂಡು ನಿಂತಿರು. ಟ್ಯೂನರಿಗೆ ಹೇಳಿದ್ದೇನೆ, ಅಂಕಿಗಳನ್ನು ಮತ್ತೆ ಹಾಕಿಕೊಡುತ್ತಾರೆ.

ಆಮೇಲೆ ನಿನ್ನನ್ನು ಕೂರಿಸಿಕೊಂಡು ಗುಡ್ಡ ಹತ್ತುತ್ತೇನೆ. ನನಗೆ ಬರೆದರೆ ಮುಗಿಯಿತು ಎಂದುಕೊಳ್ಳಬೇಡ, ಹಸು ನನ್ನದಲ್ಲ. ಆ ಹೆಂಗಸಿನ ಎದುರು ನಿಂತು, ಎಣ್ಣೆ ನನ್ನದು ಅಂತ ನೀನೇ ಬಾಯಿಬಿಟ್ಟು ಹೇಳಬೇಕು. ಅವಳು ಹೇಳುವುದು ನಿನ್ನ ಕಿವಿಗೆ ಬೀಳದಿದ್ದರೆ ಯೋಚನೆ ಮಾಡಬೇಡ. ಪಕ್ಕದಲ್ಲೇ ನಿಂತು, ಒಂದು ಮಾತೂ ಬಿಡದೆ ಬರೆದು ಕೊಡುತ್ತೇನೆ.

ಮಗಳು